ಕೊಳದ ಯುವಿ ದೀಪ: ಆ ನಾಲ್ಕು ಸಾಲಿನಲ್ಲಿ ಬಿಟ್ಟುಹೋದದ್ದು

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕೈತೋಟದ ಬಗ್ಗೆ ಒಂದು ಪುಟ ಬಂದಿತ್ತು. ಅದರ ಮೂಲೆಯಲ್ಲಿ ನಾಲ್ಕು ಸಾಲಿನ ಸಲಹೆ. ಕೊಳದ ನೀರು ಹಸಿರಾದರೆ ಯುವಿ (ಅತಿನೇರಳೆ ಬೆಳಕಿನ) ದೀಪ ಹಾಕಿಸಿ, ನೀರು ಕನ್ನಡಿಯಂತಾಗುತ್ತದೆ ಎಂದು. ಅದಾದ ಮೇಲೆ ನನ್ನ ಅಂಗಡಿಗೆ ಐದು ಜನ ಆ ದೀಪ ಕೇಳಿಕೊಂಡು ಬಂದರು. ಇಬ್ಬರು ಆ ತುಂಡನ್ನೇ ಕತ್ತರಿಸಿ ತಂದಿದ್ದರು.

ನೀವು ಬರೆದದ್ದು ನಿಜ. ಆ ದೀಪದಿಂದ ನೀರು ತಿಳಿಯಾಗುತ್ತದೆ, ನಮ್ಮ ಮನೆಯಲ್ಲೇ ಆಗಿದೆ. ಆದರೆ ಆ ದೀಪ ಮಾಡುವ ಕೆಲಸ ಒಂದೇ. ಎಲ್ಲವನ್ನೂ ಅದೇ ಮಾಡುತ್ತದೆ ಅಂದುಕೊಂಡು ಕೊಂಡವರು ದುಡ್ಡು ಕಳೆದುಕೊಳ್ಳುತ್ತಾರೆ. ಕೆಲವರು ಕಣ್ಣನ್ನೂ ನೋಯಿಸಿಕೊಳ್ಳುತ್ತಾರೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಿದೆ, ಆದರೂ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ನಾನು ತುಮಕೂರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. 27 ವರ್ಷದಿಂದ ಇದೇ ಕೆಲಸ. ಬೋರ್‌ವೆಲ್ ಮೋಟಾರ್, ಮಿಕ್ಸಿ, ಫ್ಯಾನು ಎಲ್ಲ ಬರುತ್ತವೆ. ಐದಾರು ವರ್ಷದಿಂದ ಕೊಳದ ಪಂಪುಗಳೂ ಬರುತ್ತಿವೆ. ಈಗ ಹೊಸ ಮನೆ ಕಟ್ಟಿಸುವವರು ಮುಂದುಗಡೆ ಒಂದು ಕೊಳ ಮಾಡಿಸುತ್ತಾರೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇಗಳಿಂದಲೂ ಕೆಟ್ಟ ಪಂಪು, ಕೆಟ್ಟ ದೀಪ ಬರುತ್ತವೆ.

ನಮ್ಮ ಮನೆಯ ಕೊಳವನ್ನು ನಾನು ಕಟ್ಟಿದ್ದು ಅಮ್ಮನಿಗಾಗಿ. ಅಮ್ಮನಿಗೆ ಈಗ 78. ಅವರು ಹುಟ್ಟಿ ಬೆಳೆದ ಮನೆ ಕೆರೆ ಏರಿಯ ಕೆಳಗೇ ಇತ್ತು. ಆ ಕೆರೆ ಈಗ ತುಂಬುವುದು ಅಪರೂಪ. ಮಂಡಿ ನೋವು ಬಂದ ಮೇಲೆ ಊರಿಗೂ ಹೋಗಲಾಗಲಿಲ್ಲ. ಹಿತ್ತಲಿನಲ್ಲಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳದ ತೊಟ್ಟಿ ಕಟ್ಟಿಸಿದೆ. ಲೆಕ್ಕ ಹಾಕಿದರೆ 3400 ಲೀಟರ್ ನೀರು. ಎರಡು ನೈದಿಲೆ ಗಿಡ, ಒಂದಷ್ಟು ಗಪ್ಪಿ, ಎಂಟು ಗೋಲ್ಡ್‌ಫಿಶ್. ಪಕ್ಕದಲ್ಲಿ ಒಂದು ಕಲ್ಲು ಬೆಂಚು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಮ್ಮ ಅಲ್ಲಿ ಕೂರುತ್ತಾರೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ನೀರಿಗೆ ಮೊದಲು ಎಳೆ ಹಸಿರು ಬಂತು. ಹತ್ತೇ ದಿನದಲ್ಲಿ ಪಾಲಕ್ ಸೊಪ್ಪು ರುಬ್ಬಿ ಸುರಿದ ಹಾಗಾಯಿತು. ಕೈ ಮುಳುಗಿಸಿದರೆ ಮಣಿಕಟ್ಟಿನ ಕೆಳಗೆ ಬೆರಳು ಕಾಣುತ್ತಿರಲಿಲ್ಲ. ಅಮ್ಮ ಒಂದೇ ಮಾತು ಹೇಳಿದರು: "ನೀರೈತೆ, ಮೀನೇ ಕಾಣಕಿಲ್ಲವಲ್ಲೋ." ಆಮೇಲೆ ನಾಲ್ಕು ದಿನ ಬೆಂಚಿನ ಕಡೆ ಹೋಗಲೇ ಇಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅರ್ಧ ನೀರು ತೆಗೆದು ಹೊಸ ಬೋರ್ ನೀರು ಬಿಟ್ಟೆ. ಎರಡು ದಿನ ಚೆನ್ನಾಗಿತ್ತು, ಐದನೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಹಸಿರು. ಮತ್ತೆ ತೆಗೆದೆ, ಮತ್ತೆ ಬಿಟ್ಟೆ. ಬರಗಾಲದ ಜಿಲ್ಲೆಯಲ್ಲಿ ಇದ್ದುಕೊಂಡು ಹೀಗೆ ಐದು ಸಾವಿರ ಲೀಟರ್ ಚೆಲ್ಲಿದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ನೈಟ್ರೇಟಿನಂಥ ಉಪ್ಪು ಕರಗಿರುವ ಬೋರ್ ನೀರು ನಮ್ಮ ಕಡೆ ಹೊಸದೇನಲ್ಲ. ಗಿಡಕ್ಕೆ ಅದು ಗೊಬ್ಬರ, ಪಾಚಿಗೂ ಗೊಬ್ಬರ. ನೀರು ಬದಲಿಸುತ್ತಿದ್ದೇನೆ ಅಂದುಕೊಂಡು ನಾನು ಪಾಚಿಗೆ ಊಟ ಬಡಿಸುತ್ತಿದ್ದೆ.

ಒಂದು ಮುಂಜಾನೆ ಐದೂವರೆಗೆ ಎದ್ದು ನೋಡಿದರೆ ಗೋಲ್ಡ್‌ಫಿಶ್ ಎಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿವು ಅಂದುಕೊಂಡು ಊಟ ಹಾಕಿದೆ, ಮುಟ್ಟಲಿಲ್ಲ. ಹಸಿವಲ್ಲ, ಉಸಿರು ಕಟ್ಟಿದ್ದು. ಪಾಚಿ ಹಗಲು ಹೊತ್ತು ಆಕ್ಸಿಜನ್ ಬಿಡುತ್ತದೆ, ರಾತ್ರಿ ಅದೂ ಮೀನಿನ ಹಾಗೆ ಆಕ್ಸಿಜನ್ ಎಳೆದುಕೊಳ್ಳುತ್ತದೆ. ಅಷ್ಟು ದಟ್ಟ ಪಾಚಿ ರಾತ್ರಿಯಿಡೀ ಎಳೆದರೆ ಬೆಳಗಿನ ಜಾವಕ್ಕೆ ಮೀನಿಗೆ ಏನೂ ಉಳಿಯುವುದಿಲ್ಲ. ಆವತ್ತು ಎರಡು ಸತ್ತವು. ಉಳಿದವನ್ನು ಬಕೆಟ್‌ನಿಂದ ನೀರು ಎತ್ತಿ ಎತ್ತಿ ಸುರಿದು ಉಳಿಸಿಕೊಂಡೆ.

ನನ್ನ ಮಗಳು ಬಿ.ಎಸ್‌ಸಿ. ಓದುತ್ತಿದ್ದಾಳೆ. ಒಂದು ಸಣ್ಣ ಶೀಶೆಯಲ್ಲಿ ಆ ನೀರು ತುಂಬಿಸಿ ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಳು. ಫೋನಿನಲ್ಲಿ ಫೋಟೊ ತೆಗೆದು ತಂದಳು. ಎಲ್ಲೆಲ್ಲೂ ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೇ ಕೋಶದ ಪಾಚಿ. ಕ್ಲೋರೆಲ್ಲಾ ಜಾತಿಯದು ಎಂದು ಅವರ ಮೇಡಂ ಹೇಳಿದರಂತೆ. ಅಳತೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ನಾನು ಹಾಕಿದ್ದ ಸ್ಪಂಜು, ಹಳೇ ಪಂಚೆಯ ಬಟ್ಟೆ ಯಾವುದೂ ಇದನ್ನು ಹಿಡಿಯಲಾರದು. ಯುವಿ ದೀಪಕ್ಕೆ ಕೆಲಸ ಇರುವುದು ಇಲ್ಲೇ.

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್). ಈ ದೀಪದ ಬೆಳಕು 254 ನ್ಯಾನೊಮೀಟರ್. ಯುವಿ-ಸಿ ಎಂದು ಕರೆಯುತ್ತಾರೆ. ಸೂರ್ಯನಲ್ಲೂ ಇದು ಇದೆ, ಆದರೆ ಮೇಲಿನ ಓಜೋನ್ ಪದರ ತಡೆಯುವುದರಿಂದ ನೆಲಕ್ಕೆ ಬರುವುದಿಲ್ಲ. ಆದ್ದರಿಂದ ಭೂಮಿಯ ಮೇಲಿನ ಜೀವಿಗಳಿಗೆ ಇದನ್ನು ತಡೆದುಕೊಂಡು ಅಭ್ಯಾಸ ಇಲ್ಲ. ಪಾಚಿಯ ಕೋಶದೊಳಗೆ ಡಿಎನ್‌ಎ ಎಂಬ ದಾರ ಇರುತ್ತದೆ ಅಲ್ವಾ, ಈ ಬೆಳಕು ಆ ದಾರದಲ್ಲಿ ಅಕ್ಕಪಕ್ಕದ ಎರಡು ಮಣಿಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಮೇಲೆ ಆ ಕೋಶ ಒಂದು ಎರಡಾಗಲು ಆಗುವುದಿಲ್ಲ. ಸಾಯುತ್ತದೆ, ಒಂದಕ್ಕೊಂದು ಮೆತ್ತಿಕೊಂಡು ಗಂಟಾಗುತ್ತದೆ. ಗಂಟಾದ ಮೇಲೆ ಸ್ಪಂಜಿಗೆ ಸಿಗುತ್ತದೆ. ನಿಮ್ಮ ಅಡುಗೆಮನೆಯ ಅಕ್ವಾಗಾರ್ಡ್‌ನಂಥ ಯಂತ್ರದೊಳಗೆ ಉರಿಯುವುದೂ ಇದೇ ಜಾತಿಯ ದೀಪ. ಫ್ರಾನ್ಸಿನ ಮಾರ್ಸೆಯಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಇದನ್ನು ಬಳಸಿದ್ದರು ಎಂದು ಮಗಳು ಹೇಳಿದಳು.

ದೀಪ ಪಾಚಿಯನ್ನು ಸಾಯಿಸುತ್ತದೆ, ನೀರಿನಿಂದ ತೆಗೆಯುವುದಿಲ್ಲ. ಇದನ್ನು ಯಾರೂ ಹೇಳುವುದಿಲ್ಲ. ತೆಗೆಯಬೇಕಾದದ್ದು ಫಿಲ್ಟರ್. ಫಿಲ್ಟರ್ ಇಲ್ಲದಿದ್ದರೆ ಸತ್ತ ಪಾಚಿ ತಳದಲ್ಲಿ ಕೊಳೆತು ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ. ಒಬ್ಬರು ಬರೀ ದೀಪ ತಂದು, ಪಂಪೂ ಇಲ್ಲದೆ ಫಿಲ್ಟರೂ ಇಲ್ಲದೆ ಕೊಳಕ್ಕೆ ಇಳಿಬಿಟ್ಟಿದ್ದರು. ದೀಪದ ಸುತ್ತ ಒಂದು ಗೇಣು ಜಾಗದ ಪಾಚಿ ಸತ್ತಿರಬಹುದು. ಉಳಿದ ಕೊಳ ಹಾಗೇ ಹಸಿರಾಗಿತ್ತು. ಮಾರಿದವರು ಅವರಿಗೆ ಏನೂ ಹೇಳಿರಲಿಲ್ಲ.

ನಾನು ಜೋಡಿಸಿದ್ದು ಹೀಗೆ. ಕೊಳದ ತಳದಲ್ಲಿ 40 ವ್ಯಾಟಿನ ಪಂಪು, ಗಂಟೆಗೆ 2000 ಲೀಟರಿನದು. ಅದರಿಂದ ನೀರು 11 ವ್ಯಾಟಿನ ಯುವಿ ದೀಪದ ಕೊಳವೆಗೆ ಹೋಗುತ್ತದೆ. ಅಲ್ಲಿಂದ 60 ಲೀಟರಿನ ನೀಲಿ ಡ್ರಮ್ಮಿಗೆ. ಡ್ರಮ್ಮಿನಲ್ಲಿ ಮೂರು ಪದರ ಸ್ಪಂಜು, ಕೆಳಗೆ ಸಣ್ಣ ಜಲ್ಲಿ. ಅಲ್ಲಿಂದ ಒಂದು ಕಲ್ಲಿನ ಮೇಲೆ ಹರಿದು ಕೊಳಕ್ಕೆ ವಾಪಸ್. ಆ ಬೀಳುವ ನೀರಿನಿಂದ ಗಾಳಿಯೂ ಸೇರುತ್ತದೆ. ಸುಮಾರು ಎರಡು ಗಂಟೆಯಲ್ಲಿ ಇಡೀ ಕೊಳದಷ್ಟು ನೀರು ದೀಪದ ಮುಂದೆ ಹಾದುಹೋಗುತ್ತದೆ. ದೊಡ್ಡ ಪಂಪು ಹಾಕಿದರೆ ಬೇಗ ತಿಳಿಯಾಗುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ನೀರು ಜೋರಾಗಿ ಓಡಿದರೆ ದೀಪದ ಮುಂದೆ ನಿಲ್ಲುವ ಹೊತ್ತು ಕಡಿಮೆ. ಪಾಚಿಗೆ ತಗಲಬೇಕಾದಷ್ಟು ಬೆಳಕು ತಗಲುವುದಿಲ್ಲ. ಡಬ್ಬದ ಮೇಲೆ ಇಷ್ಟು ಲೀಟರಿನ ಪಂಪಿಗೆ ಎಂದು ಬರೆದಿರುತ್ತಾರೆ, ಅದನ್ನು ಮೀರಬಾರದು.

ಇನ್ನೊಂದು ವಿಷಯ. ಇಂಟರ್ನೆಟ್ಟಿನಲ್ಲಿ ಸಿಗುವ ಲೆಕ್ಕಗಳು ಬಹಳ ಮಟ್ಟಿಗೆ ಇಂಗ್ಲೆಂಡಿನಂಥ ಚಳಿ ದೇಶದವು. ಅಲ್ಲಿ ಚಳಿಗಾಲದಲ್ಲಿ ಪಾಚಿ ಬೆಳೆಯುವುದಿಲ್ಲ, ದೀಪ ಆರಿಸಿ ಒಳಗಿಡುತ್ತಾರೆ. ನಮ್ಮಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನ ಒಳ್ಳೆ ಬಿಸಿಲು. ಕೊಳಕ್ಕೆ ಮರದ ನೆರಳಿಲ್ಲದಿದ್ದರೆ ಡಬ್ಬದ ಮೇಲೆ ಹೇಳಿದ್ದಕ್ಕಿಂತ ಒಂದು ಅಳತೆ ದೊಡ್ಡ ದೀಪ ತಗೊಳ್ಳಿ ಎಂದು ನಾನು ಹೇಳುತ್ತೇನೆ. ದೀಪ ವರ್ಷಪೂರ್ತಿ ಹಗಲೂ ರಾತ್ರಿ ಉರಿಯಬೇಕು. 11 ವ್ಯಾಟಿನ ದೀಪಕ್ಕೆ ತಿಂಗಳಿಗೆ ಎಂಟು ಯೂನಿಟ್. ಪಂಪಿನದು 29.

ಫಲಿತಾಂಶ ಹೇಳಬೇಕಲ್ಲ. ಒಂದು ಬಿಳಿ ಟೈಲ್ಸ್ ತುಂಡಿನ ಮೇಲೆ ಕಪ್ಪು ಪೇಂಟಿನಲ್ಲಿ 7 ಎಂದು ಬರೆದು ತಳದಲ್ಲಿ ಇಟ್ಟೆ. ಮೊದಲ ಮೂರು ದಿನ ಏನೂ ಕಾಣಲಿಲ್ಲ. ನಾಲ್ಕನೇ ದಿನ ಹಸಿರು ಹೋಗಿ ನೀರು ಮಬ್ಬಾದ ಮಜ್ಜಿಗೆಯಂತಾಯಿತು. ಸತ್ತ ಪಾಚಿ ಅದು. ಆ ಮೂರು ದಿನ ಸ್ಪಂಜನ್ನು ಬೆಳಿಗ್ಗೆ ಸಂಜೆ ಹಿಂಡಿದೆ. ಆರನೇ ದಿನ ಬಿಳಿ ಚೌಕ ಕಂಡಿತು. ಒಂಬತ್ತನೇ ದಿನ 7 ಓದಲು ಬಂತು. ಅಮ್ಮನನ್ನು ಕರೆದು ತೋರಿಸಿದೆ. ಅವರು ಟೈಲ್ಸ್ ನೋಡಲೇ ಇಲ್ಲ, ಗಪ್ಪಿ ಮರಿ ಎಣಿಸುತ್ತ ಕೂತರು.

ಸ್ಪಂಜು ತೊಳೆಯುವಾಗ ಕೊಳದ ನೀರಿನಲ್ಲೇ ತೊಳೆಯಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲಿ ಮನೆ ಮಾಡಿರುತ್ತವೆ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ತೊಳೆದರೆ ಸಾಯುತ್ತವೆ. ಅಮೋನಿಯಾ ಯುವಿ ದೀಪದಿಂದ ಹೋಗುವುದಿಲ್ಲ. ನೀರು ಕನ್ನಡಿಯಂತೆ ಇದ್ದೂ ಮೀನಿಗೆ ವಿಷವಾಗಿರಬಹುದು. ಫಿಲ್ಟರ್‌ಗೆ ಹೊಸದಾಗಿ ಬ್ಯಾಕ್ಟೀರಿಯಾ ಪುಡಿ ಹಾಕಿದಾಗ, ಮೀನಿಗೆ ಔಷಧಿ ಹಾಕಿದಾಗ, ಕೆಲವು ದಿನ ದೀಪ ಆರಿಸಬೇಕು. ಇಲ್ಲದಿದ್ದರೆ ಪುಡಿಯೂ ದಂಡ, ಔಷಧಿಯೂ ದಂಡ.

ಇನ್ನು ನೀರು ತಿಳಿಯಾದ ಮೇಲೆ ಬಂದ ಹೊಸ ತೊಂದರೆ. ಒಂದು ತಿಂಗಳಿಗೆ ಕೊಳದ ಗೋಡೆ ತುಂಬ ಕೂದಲಿನಂಥ ಪಾಚಿ. ಹಸಿರು ನೀರಿದ್ದಾಗ ಬಿಸಿಲು ತಳಕ್ಕೆ ಇಳಿಯುತ್ತಿರಲಿಲ್ಲ, ಈಗ ಇಳಿಯುತ್ತದೆ. ಕಲ್ಲಿಗೆ ಅಂಟಿಕೊಂಡ ಪಾಚಿ ದೀಪದ ಕೊಳವೆಯೊಳಗೆ ಹೋಗುವುದೇ ಇಲ್ಲ, ಮತ್ತೆ ದೀಪ ಅದನ್ನು ಹೇಗೆ ಸಾಯಿಸೀತು? ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆದೆ, ತೆಂಗಿನ ಬುಡಕ್ಕೆ ಹಾಕಿದೆ. ಆಮೇಲೆ ಮಾಡಿದ್ದು ಮೂರು ಕೆಲಸ. ಅಮ್ಮ ಮೀನಿಗೆ ಬ್ರೆಡ್ಡು, ಅನ್ನ ಹಾಕುತ್ತಿದ್ದರು, ಅದನ್ನು ನಿಲ್ಲಿಸಲು ಒಪ್ಪಿಸಿದೆ. ಈಗ ದಿನಕ್ಕೆ ಒಮ್ಮೆ ಒಂದು ಚಿಟಿಕೆ ಮೀನಿನ ಕಾಳು ಅವರೇ ಹಾಕುತ್ತಾರೆ. ಇನ್ನೆರಡು ನೈದಿಲೆ ಗಿಡ ಇಟ್ಟೆ, ಅರ್ಧ ನೀರು ಎಲೆಯ ನೆರಳಿನಲ್ಲಿ ಇರುವ ಹಾಗೆ. ನೀರು ವಾಪಸ್ ಬೀಳುವ ಕಡೆ ಬುಟ್ಟಿಯಲ್ಲಿ ಲಾವಂಚ ನೆಟ್ಟೆ. ಪಾಚಿ ತಿನ್ನುವ ಗೊಬ್ಬರವನ್ನು ಲಾವಂಚದ ಬೇರು ಮೊದಲೇ ಎಳೆದುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಇವನ್ನೆಲ್ಲ ಮೊದಲೇ ಮಾಡಿದ್ದರೆ ನಮ್ಮ ಕೊಳಕ್ಕೆ ದೀಪ ಬೇಕಾಗುತ್ತಿತ್ತೋ ಇಲ್ಲವೋ.

ಹಸಿರು ನೀರೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಮೀನು ಸಾಕುವ ರೈತರು ಕಟ್ಲ, ರೋಹು ಮರಿ ಬಿಡುವ ಮುಂಚೆ ಹೊಂಡಕ್ಕೆ ಸಗಣಿ ಹಾಕಿ ಬೇಕೆಂದೇ ನೀರು ಹಸಿರು ಮಾಡುತ್ತಾರೆ. ಮರಿಗಳಿಗೆ ಊಟ ಅಲ್ಲಿಂದಲೇ ಸಿಗುವುದು. ಅಂಥ ಹೊಂಡಕ್ಕೆ ಯಾರಾದರೂ ಈ ದೀಪ ಮಾರಲು ಬಂದರೆ ಕಳಿಸಿಬಿಡಿ.

ಮಳೆ ಬಂದು ಕೆಂಪು ಮಣ್ಣು ಸೇರಿ ಕದಡಿದ ನೀರಿಗೂ ದೀಪದಿಂದ ಪ್ರಯೋಜನ ಇಲ್ಲ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ರಾತ್ರಿ ನೆರಳಿನಲ್ಲಿ ಇಡಿ. ಬೆಳಿಗ್ಗೆಗೆ ತಳದಲ್ಲಿ ಮಣ್ಣು ಕೂತು ಮೇಲೆ ತಿಳಿಯಾದರೆ ಅದು ಮಣ್ಣು. ಹಸಿರಾಗೇ ಉಳಿದರೆ ಪಾಚಿ. ದೀಪ ಕೊಳ್ಳುವ ಮುಂಚೆ ಈ ಖರ್ಚಿಲ್ಲದ ಪರೀಕ್ಷೆ ಮಾಡಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ಕಳಿಸುತ್ತೇನೆ.

ಈಗ ಕಣ್ಣಿನ ವಿಷಯ. ಇದಕ್ಕಾಗಿಯೇ ಮುಖ್ಯವಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ಒಂದು ಹೋಮ್‌ಸ್ಟೇಯಿಂದ ಮೂರು ದೀಪದ ಸೆಟ್ ರಿಪೇರಿಗೆ ಬಂದವು. ಚೋಕ್ ಕೆಟ್ಟಿದೆಯೋ ಬಲ್ಬ್ ಕೆಟ್ಟಿದೆಯೋ ನೋಡಬೇಕಿತ್ತು. ಕವಚ ಬಿಚ್ಚಿ, ಬಲ್ಬನ್ನು ಮೇಜಿನ ಮೇಲೆ ಹಾಗೇ ಉರಿಸಿದೆ. ತೆಳು ನೀಲಿ ಬೆಳಕು, ನೋಡಲು ತಂಪಾಗಿತ್ತು. ಟ್ಯೂಬ್‌ಲೈಟಿನಷ್ಟೂ ಪ್ರಖರ ಇಲ್ಲ. ಒಂದಾದ ಮೇಲೆ ಒಂದು, ಹತ್ತು ನಿಮಿಷ ಅದರ ಎದುರೇ ಕೂತು ವೋಲ್ಟೇಜ್ ನೋಡಿದೆ. ಆಗ ಏನೂ ಅನ್ನಿಸಲಿಲ್ಲ. ಊಟ ಮಾಡಿ ಮಲಗಿದೆ. ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಎರಡೂ ಕಣ್ಣಿಗೆ ಬಿಸಿ ಮರಳು ಎರಚಿದ ಹಾಗೆ ಉರಿ. ರೆಪ್ಪೆ ತೆರೆಯಲು ಆಗಲಿಲ್ಲ, ನೀರು ಸುರಿಯುತ್ತಿತ್ತು. ಕೆನ್ನೆ, ಕತ್ತು ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿತ್ತು. ಕುರುಡನಾದೆ ಎಂದೇ ಹೆದರಿದೆ. ಹೆಂಡತಿ ಕೈ ಹಿಡಿದು ಆಟೋದಲ್ಲಿ ಕರೆದುಕೊಂಡು ಹೋದಳು. ಡಾಕ್ಟರ್ ನೋಡಿದ ಕೂಡಲೇ ಕೇಳಿದರು: "ವೆಲ್ಡಿಂಗ್ ಮಾಡ್ತೀರಾ?"

ವೆಲ್ಡಿಂಗ್ ಕಣ್ಣು ಏನೆಂದು ನಮ್ಮ ಕಡೆ ಫ್ಯಾಬ್ರಿಕೇಷನ್ ಕೆಲಸದವರಿಗೆಲ್ಲ ಗೊತ್ತು. ಕಪ್ಪು ಗಾಜು ಹಿಡಿಯದೆ ವೆಲ್ಡಿಂಗ್ ನೋಡಿದರೆ ಅವತ್ತು ರಾತ್ರಿ ಇದೇ ಗತಿ. ಇದೂ ಅದೇ. ಕಣ್ಣಿನ ಮೇಲ್ಪದರಕ್ಕೆ ತಗಲುವ ಬಿಸಿಲ ಸುಡುವಿಕೆ. ತಗಲಿದಾಗ ಗೊತ್ತಾಗುವುದಿಲ್ಲ, ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಎರಡು ದಿನ ಕತ್ತಲೆ ಕೋಣೆಯಲ್ಲಿ ಇದ್ದೆ, ಮೂರನೇ ದಿನ ಸರಿಯಾಯಿತು. ಮೇಲಿಂದ ಮೇಲೆ ತಗಲಿದರೆ ಕಣ್ಣಿಗೆ ಒಳ್ಳೆಯದಲ್ಲ, ಚರ್ಮಕ್ಕೂ ಒಳ್ಳೆಯದಲ್ಲ ಎಂದು ಡಾಕ್ಟರ್ ಎಚ್ಚರಿಸಿ ಕಳಿಸಿದರು.

27 ವರ್ಷ ಕರೆಂಟಿನ ಕೆಲಸ ಮಾಡಿದ ನನಗೇ ತಿಳಿಯಲಿಲ್ಲ. ಆ ಸೆಟ್ಟಿನ ಡಬ್ಬದ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಮನೆಯಲ್ಲಿ ಮಕ್ಕಳಿರುತ್ತಾರೆ. ನೀಲಿ ದೀಪ ಚೆಂದ ಕಾಣುತ್ತದೆ ಎಂದು ಬಗ್ಗಿ ನೋಡುತ್ತಾರೆ. ಆದ್ದರಿಂದ ಓದುಗರಲ್ಲಿ ಕೈಮುಗಿದು ಕೇಳುತ್ತೇನೆ. ಮುಚ್ಚಿದ ಕೊಳವೆಯೊಳಗೆ ಇರುವ ದೀಪವನ್ನೇ ಕೊಳ್ಳಿ, ನೀರಿಗೆ ಬರೀ ಬಲ್ಬ್ ಇಳಿಬಿಡುವುದನ್ನು ಕೊಳ್ಳಬೇಡಿ. ಉರಿಯುತ್ತಿದೆಯೋ ಇಲ್ಲವೋ ನೋಡಲು ಕವಚದಲ್ಲಿ ಒಂದು ಸಣ್ಣ ಕಿಂಡಿ ಕೊಟ್ಟಿರುತ್ತಾರೆ. ಅದರ ಪ್ಲಾಸ್ಟಿಕ್ಕಿನಿಂದ ಯುವಿ-ಸಿ ಹೊರಗೆ ಬರುವುದಿಲ್ಲ, ಅದನ್ನು ನೋಡಿದರೆ ಸಾಕು. ಪ್ಲಗ್ ಕೀಳದೆ ಕವಚ ಬಿಚ್ಚಲೇಬೇಡಿ.

ಇದರ ಜೊತೆಗೆ ಇನ್ನೊಂದು ಮೋಸವೂ ನಡೆಯುತ್ತಿದೆ. ನೇರಳೆ ಬಣ್ಣದ ಎಲ್‌ಇಡಿ ಪಟ್ಟಿಯನ್ನು ಯುವಿ ದೀಪ ಎಂದು ಆನ್‌ಲೈನಿನಲ್ಲಿ ಅಗ್ಗವಾಗಿ ಮಾರುತ್ತಾರೆ. ಒಬ್ಬರು ತಂದು ತೋರಿಸಿದರು. ಡಬ್ಬದ ಮೇಲೆ 395 ನ್ಯಾನೊಮೀಟರ್ ಎಂದು ಅವರೇ ಬರೆದಿದ್ದರು. ಅದು ಬಿಸಿಲಿನಲ್ಲಿ ಹೇಗೂ ಇರುವ ಬೆಳಕು, ಪಾಚಿಗೆ ಏನೂ ಆಗುವುದಿಲ್ಲ. ಕೊಳ್ಳುವಾಗ 254 ಎಂಬ ಸಂಖ್ಯೆ, ಯುವಿ-ಸಿ ಎಂಬ ಮಾತು ಎರಡನ್ನೂ ಹುಡುಕಿ.

ನಮ್ಮ ಜಿಲ್ಲೆಯವರಿಗೆ ಗಡಸು ನೀರಿನ ಕಥೆ ಹೊಸದಾಗಿ ಹೇಳಬೇಕಿಲ್ಲ. ಬಿಸಿನೀರಿನ ಹಂಡೆಯಲ್ಲಿ ಬಿಳಿ ಪದರ ಕಟ್ಟುವುದು ಎಲ್ಲರೂ ನೋಡಿದ್ದೇವೆ. ಯುವಿ ಬಲ್ಬಿನ ಸುತ್ತ ಕ್ವಾರ್ಟ್ಜ್ ಗಾಜಿನ ತೆಳು ಕೊಳವೆ ಇರುತ್ತದೆ. ಸಾಮಾನ್ಯ ಗಾಜು ಈ ಬೆಳಕನ್ನು ತಡೆದುಬಿಡುತ್ತದೆ, ಕ್ವಾರ್ಟ್ಜ್ ಬಿಡುತ್ತದೆ. ಆ ಕೊಳವೆಯ ಮೇಲೂ ಅದೇ ಬಿಳಿ ಸುಣ್ಣದ ಪದರ ಕೂರುತ್ತದೆ. ದೀಪ ಒಳಗೆ ಉರಿಯುತ್ತಿರುತ್ತದೆ, ಬೆಳಕು ನೀರಿಗೆ ತಲುಪುವುದಿಲ್ಲ. ದೀಪ ಕೆಟ್ಟಿದೆ ಎಂದು ನನ್ನ ಹತ್ತಿರ ಬಂದ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ಕೆಟ್ಟೇ ಇರಲಿಲ್ಲ. ಕೊಳವೆಗೆ ಸುಣ್ಣ ಹಿಡಿದಿತ್ತು ಅಷ್ಟೇ. ನಾನು ಎರಡು ತಿಂಗಳಿಗೊಮ್ಮೆ ಬಿಚ್ಚಿ ಹುಣಸೆಹುಳಿ ನೀರಿನಲ್ಲಿ ಅರ್ಧ ಗಂಟೆ ನೆನೆಸುತ್ತೇನೆ. ನಿಂಬೆರಸವೂ ಆಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಉಕ್ಕಿನ ನಾರಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿಕೊಳ್ಳುತ್ತದೆ.

ಬಲ್ಬಿಗೂ ಆಯುಸ್ಸು ಇದೆ. ಎಂಟೊಂಬತ್ತು ಸಾವಿರ ಗಂಟೆ. ವರ್ಷಕ್ಕೆ 8760 ಗಂಟೆ ಅಲ್ವಾ, ಹಾಗಾಗಿ ವರ್ಷಕ್ಕೊಂದು ಬಲ್ಬ್. ಆಮೇಲೂ ನೀಲಿ ಬೆಳಕು ಬರುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ 254ರ ಬೆಳಕು ಮಾತ್ರ ಕುಗ್ಗಿರುತ್ತದೆ. ಉರಿಯುತ್ತಿದೆಯಲ್ಲ, ಯಾಕೆ ಬದಲಿಸಬೇಕು ಎಂದು ಎಲ್ಲರೂ ಕೇಳುತ್ತಾರೆ. ಹಾಕಿದ ತಾರೀಖನ್ನು ಕವಚದ ಮೇಲೆ ಪೇಂಟಿನಲ್ಲಿ ಬರೆದುಬಿಡಿ. ನಮ್ಮದು ಯುಗಾದಿಗೆ ಹಾಕಿದ್ದು, ಪ್ರತಿ ಯುಗಾದಿಗೆ ಬದಲಿಸುತ್ತೇನೆ.

ಕರೆಂಟಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಕಸುಬಿಗೆ ಅನ್ಯಾಯ. ನೀರು, ಕರೆಂಟು, ಒದ್ದೆ ಕೈ ಮೂರೂ ಒಂದೇ ಜಾಗದಲ್ಲಿ ಸೇರುತ್ತವೆ. ಕೊಳಕ್ಕೆ ಹೋಗುವ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಲೇಬೇಕು. ಇಎಲ್‌ಸಿಬಿ ಎಂದು ಕೇಳಿದರೂ ಅಂಗಡಿಯಲ್ಲಿ ಅದನ್ನೇ ಕೊಡುತ್ತಾರೆ. ಅರ್ತಿಂಗ್ ಸರಿಯಾಗಿರಬೇಕು. ಇನ್ಸುಲೇಷನ್ ಟೇಪು ಸುತ್ತಿದ ಜಾಯಿಂಟು ನೀರಿನ ಹತ್ತಿರ ಇರಬಾರದು. ಟೇಪು ಸುತ್ತಿ ಪ್ಲಾಸ್ಟಿಕ್ ಕವರ್ ಕಟ್ಟಿ ಕಲ್ಲಿನ ಕೆಳಗೆ ಮುಚ್ಚಿಟ್ಟದ್ದನ್ನು ಎಷ್ಟೋ ಮನೆಯಲ್ಲಿ ನೋಡಿ ನನ್ನ ಎದೆ ಝಲ್ಲೆಂದಿದೆ. ದುಡ್ಡು ಉಳಿಸಬೇಕಾದರೆ ಬೇರೆಲ್ಲಾದರೂ ಉಳಿಸಿ.

ಸೊಳ್ಳೆ ಮರಿಗೂ ಈ ದೀಪಕ್ಕೂ ಸಂಬಂಧ ಇಲ್ಲ. 2024ರಲ್ಲಿ ಡೆಂಗಿಯನ್ನು ನಮ್ಮ ಸರ್ಕಾರ ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲೆ ಕೊಳ ಇರುವವರೆಲ್ಲ ಗಾಬರಿಯಾಗಿದ್ದರು. ಲಾರ್ವಾ ತಿನ್ನುವುದು ಗಪ್ಪಿ. ಹತ್ತು ಗಪ್ಪಿ ಬಿಡಿ, ನೀರು ಓಡುತ್ತಿರಲಿ.

ಕೊನೆಯದಾಗಿ ಎರಡು ವಿಷಯ. ಒಂದು, ಕಲ್ಯಾಣಿಗಳದ್ದು. ನಿಮ್ಮ ಪುರವಣಿ ಹಿಡಿದು ಬಂದ ಐದು ಜನರಲ್ಲಿ ಇಬ್ಬರು ಒಂದು ದೇವಸ್ಥಾನದ ಕಮಿಟಿಯವರು. ಅವರ ಊರಿನ ಕಲ್ಯಾಣಿ ಹಸಿರುಗಟ್ಟಿದೆ, ಯುವಿ ದೀಪ ಹಾಕಿಕೊಡಿ, ಭಕ್ತರೊಬ್ಬರು ದುಡ್ಡು ಕೊಡುತ್ತಾರೆ ಎಂದರು. ಹೋಗಿ ನೋಡಿದೆ. 60 ಅಡಿ ಚೌಕ, ಹತ್ತು ಅಡಿ ನೀರು. ಅಂದರೆ ಹತ್ತು ಲಕ್ಷ ಲೀಟರ್ ದಾಟುತ್ತದೆ. ನಮ್ಮ ಕೊಳದ ಮುನ್ನೂರು ಪಟ್ಟು. ದೀಪ, ಪಂಪು, ಫಿಲ್ಟರ್ ಎಲ್ಲ ಮುನ್ನೂರು ಪಟ್ಟು ಬೇಕು, ವರ್ಷಾವರ್ಷ ಬಲ್ಬು ಬೇಕು. ಕೆಲಸ ಒಪ್ಪಿಕೊಂಡಿದ್ದರೆ ನನಗೆ ಒಳ್ಳೆಯ ದುಡ್ಡು ಬರುತ್ತಿತ್ತು. ಆಗುವುದಿಲ್ಲ ಎಂದೆ. ಮೆಟ್ಟಿಲ ಮೇಲೆ ಕೊಳೆತ ಹೂವಿನ ಹಾರ, ಬಾಳೆ ಎಲೆ, ಎಣ್ಣೆ ಜಿಡ್ಡು, ಸೋಪಿನ ಪೊಟ್ಟಣ. ಒಂದು ಕಡೆ ಅಭಿಷೇಕದ ಹಾಲು ನೀರು ಸೀದಾ ಕಲ್ಯಾಣಿಗೇ ಬೀಳುವ ಕಾಲುವೆ. ಇವೆಲ್ಲ ಪಾಚಿಯ ಊಟ. ಹಿಂದಿನವರು ಮಳೆನೀರು ಬರಲಿ ಎಂದು ಕಟ್ಟಿದ್ದ ಕಲ್ಲಿನ ತೂಬು ಹೊಸ ಕಾಂಕ್ರೀಟ್ ರಸ್ತೆಯ ಕೆಳಗೆ ಮುಚ್ಚಿಹೋಗಿದೆ. ಕಟ್ಟಿದವರಿಗೆ ಯಾವ ದೀಪವೂ ಇರಲಿಲ್ಲ. ಬೇಸಿಗೆಯಲ್ಲಿ ಊರವರು ಸೇರಿ ಹೂಳೆತ್ತುತ್ತಿದ್ದರು, ಮಳೆಗೆ ಹೊಸ ನೀರು ಬರುತ್ತಿತ್ತು.

ಆ ಭಕ್ತರ ದುಡ್ಡಿನಲ್ಲಿ ಹೂಳು ತೆಗೆಸಿ, ತೂಬು ಬಿಡಿಸಿ, ಹೂವು ಹಾಕಲು ಮೇಲೆ ಒಂದು ಗುಂಡಿ ಮಾಡಿ ಎಂದು ಹೇಳಿ ಬಂದಿದ್ದೇನೆ. ನೀರು ಖಾಲಿ ಮಾಡುವ ಪಂಪು ನಾನೇ ತರುತ್ತೇನೆ, ಕೂಲಿ ಬೇಡ ಎಂದೂ ಹೇಳಿದ್ದೇನೆ. ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ನಿಮ್ಮ ಪತ್ರಿಕೆಯಲ್ಲಿ ಒಂದು ಮಾತು ಬಂದರೆ ಅವರು ಒಪ್ಪಬಹುದು ಎಂಬ ಆಸೆ ನನಗಿದೆ.

ಇನ್ನೊಂದು ಹಳೆಯ ಬಲ್ಬುಗಳದ್ದು. ಪ್ರತಿ ಬಲ್ಬಿನೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಕಸದ ಗಾಡಿಗೆ ಹಾಕಿದರೆ ಒಡೆಯುತ್ತದೆ, ಪಾದರಸ ಗಾಳಿಗೂ ನೀರಿಗೂ ಸೇರುತ್ತದೆ. ಮೊದಲು ಅದು ಸೇರುವುದು ಕಸ ಆರಿಸುವ ಹೆಣ್ಣುಮಕ್ಕಳ ಉಸಿರಿಗೆ. ಮನೆಯಲ್ಲಿ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗೆ ಹೋಗಿ. ಪೊರಕೆಯಲ್ಲಿ ಗುಡಿಸಬೇಡಿ. ರಟ್ಟಿನ ತುಂಡಿನಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸ ಇರುವ ದೀಪಗಳೂ ಸೇರಿವೆ. ಮಾರಾಟಕ್ಕೆ ತಂದ ಕಂಪನಿಗಳಿಗೇ ಜವಾಬ್ದಾರಿ ಇದೆ. ಆದರೆ ನಾನು ವಿಚಾರಿಸಿದ ಯಾವ ಅಂಗಡಿಯವರೂ ಹಳೆ ಬಲ್ಬ್ ವಾಪಸ್ ತೆಗೆದುಕೊಳ್ಳಲಿಲ್ಲ.

ನನ್ನ ಅಂಗಡಿಯ ಅಟ್ಟದಲ್ಲಿ ಈಗ 23 ಹಳೆಯ ಯುವಿ ಬಲ್ಬುಗಳಿವೆ. ಒಂದೊಂದನ್ನೂ ನಿಮ್ಮ ಪತ್ರಿಕೆಯ ಹಾಳೆಯಲ್ಲೇ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದೇನೆ. ಇವನ್ನು ಎಲ್ಲಿ ಕೊಡಬೇಕು ಎಂದು ನಿಮ್ಮ ವರದಿಗಾರರು ವಿಚಾರಿಸಿ, ಜಿಲ್ಲಾವಾರು ಜಾಗದ ಹೆಸರು ಹಾಕಿ ಅದೇ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ತುಮಕೂರಿನಲ್ಲಿ ನನ್ನ ಹತ್ತಿರ ದೀಪ ಹಾಕಿಸಿಕೊಂಡವರು ಹಳೆ ಬಲ್ಬನ್ನು ಕಸಕ್ಕೆ ಹಾಕದೆ ಅಂಗಡಿಗೇ ತಂದುಕೊಡಲಿ. ಅಟ್ಟದಲ್ಲಿ ಇನ್ನೂ ಜಾಗ ಇದೆ.

ಇಂತಿ ನಿಮ್ಮ ಓದುಗ,
ಮೋಟಾರ್ ವೈಂಡಿಂಗ್ ಕೆಲಸಗಾರ, ತುಮಕೂರು